ಸ್ಟ್ರಾಬೆರಿ ಸಾಲಿನಲ್ಲಿ ಕಳೆದ ನೀಲಿ ಪಟ್ಟಿ

ಸ್ಟ್ರಾಬೆರಿ ಕೀಳುವುದರಲ್ಲಿ ಅತ್ತೆಯ ಕೈಗೆ ಸರಿಸಾಟಿ ಆ ತೋಟದಲ್ಲೇ ಇರಲಿಲ್ಲ. ಎಲೆ ಅಲುಗಿತು ಎನ್ನುವಷ್ಟರಲ್ಲಿ ಹಣ್ಣು ಕ್ರೇಟಿನಲ್ಲಿರುತ್ತಿತ್ತು. ಹೀಗಿರುವಾಗ ಮಗ ಈ ಸಲದ ಕೊಯ್ಲಿನ ಉಸ್ತುವಾರಿಯನ್ನು ಹೆಂಡತಿಗೆ ವಹಿಸಿದ್ದು ಅವರಿಗೆ ಒಳಗೊಳಗೇ ಚುರ್ರೆಂದಿತ್ತು. ಸೊಸೆಯೋ, ಬಂದವಳೇ ಸಾಲಿನ ತುದಿಯಲ್ಲಿ ನಲ್ಲಿ, ಸೋಪು ಇಡಿಸಿದಳು. ಎಲ್ಲರ ಉಂಗುರ ಬಿಚ್ಚಿಸಿದಳು. ನೆಲಕ್ಕೆ ಬಿದ್ದ ಹಣ್ಣು ಕ್ರೇಟಿಗೆ ಹೋಗಕೂಡದು ಎಂದಳು.

ಅಂದು ಬೆಳಿಗ್ಗೆ ಈರುಳ್ಳಿ ಹೆಚ್ಚುವಾಗ ಅತ್ತೆಯ ಬೆರಳು ಕೊಯ್ದಿತ್ತು. ಸೊಸೆ ನೀಲಿ ಬಣ್ಣದ ಗಾಯದ ಪಟ್ಟಿ ಅಂಟಿಸಿದಳು. ಕೆಂಪು ಹಣ್ಣಿನ ನಡುವೆ ಬಿದ್ದರೆ ತಟ್ಟನೆ ಕಣ್ಣಿಗೆ ಬೀಳಲಿ ಎಂದೇ ಆ ಬಣ್ಣ. ಮೇಲೊಂದು ಗ್ಲೌಸು ತೊಡಿಸಿದಳು.

"ಇವತ್ತು ಕೀಳೋದೇ ಬೇಡ ಅಂದೆ, ನೀವು ಕೇಳಲ್ಲ. ಗ್ಲೌಸ್ ಮಾತ್ರ ತೆಗೀಬೇಡಿ ಅತ್ತೆ."

"ಆಯ್ತು ಮಾರಾಯ್ತಿ."

ಗ್ಲೌಸು ತೊಟ್ಟ ಕೈ ಕುಂಟತೊಡಗಿತು. ಪಕ್ಕದ ಸಾಲಿನಲ್ಲಿದ್ದ ಅತ್ತೆಯ ನಾದಿನಿ, ಜೀವಮಾನದಲ್ಲಿ ಮೊದಲ ಸಲ ಇವರನ್ನು ಹಿಂದೆ ಹಾಕಿದವಳು, ತಿರುಗಿ ನೋಡಿ, "ಏನತ್ತಿಗೆ, ಒಂದೊಂದು ಹಣ್ಣಿಗೂ ಅಪ್ಪಣೆ ಕೇಳಿ ಕೀಳ್ತಿದೀರಾ?" ಎಂದಳು.

ಅಷ್ಟು ಸಾಕಾಯಿತು. ಟೀ ಮುಗಿಸಿ ಬಂದ ಅತ್ತೆ ಗ್ಲೌಸನ್ನು ಜೇಬಿಗೆ ತುರುಕಿದರು. ಕೈಗೆ ರೆಕ್ಕೆ ಬಂತು. ನಾದಿನಿಯನ್ನು ದಾಟಿ ಸಾಲಿನ ಕೊನೆ ಮುಟ್ಟಿ, ಗೆದ್ದ ಖುಷಿಯಲ್ಲಿ ಬೆವರು ಒರೆಸಲು ಕೈಯೆತ್ತಿದರೆ ಬೆರಳಲ್ಲಿ ಪಟ್ಟಿಯೇ ಇಲ್ಲ. ಗಾಯ ಬಾಯಿಬಿಟ್ಟು ಜಿನುಗುತ್ತಿದೆ.

ಅತ್ತ ಹಣ್ಣು ಒಯ್ಯಲು ಬಂದ ವ್ಯಾನಿನ ಡ್ರೈವರು ಆಗಲೇ ಹಿಂಬಾಗಿಲು ತೆರೆದಿದ್ದ. ಹಣ್ಣೂ ಕೆಂಪು, ರಕ್ತವೂ ಕೆಂಪು, ಯಾರಿಗೆ ಗೊತ್ತಾಗುತ್ತದೆ? ಪಟ್ಟಿ ಮಣ್ಣಲ್ಲೆಲ್ಲೋ ಬಿದ್ದಿದ್ದರೂ ಬಿದ್ದಿರಬಹುದು. ಆದರೆ ಎಲ್ಲಿಯದೋ ಒಂದು ಮಗು ಹಣ್ಣು ಕಚ್ಚಿದ್ದು, ಬಾಯಿಂದ ನೀಲಿ ಚೂರು ಎಳೆದದ್ದು ಕಣ್ಣಿಗೆ ಕಟ್ಟಿ ಅವರು ಸೊಸೆಯ ಬಳಿಗೆ ಓಡಿದರು.

"ವ್ಯಾನು ನಿಲ್ಸು," ಎಂದರು ಸೊಸೆಗೆ. "ನನ್ನ ಪಟ್ಟಿ ಬಿದ್ದುಹೋಗಿದೆ. ಗ್ಲೌಸ್ ತೆಗೆದಿದ್ದೆ."

ಬೈದರೆ ತಿರುಗಿ ಬೈಯಲು ಅತ್ತೆ ಸಜ್ಜಾಗಿದ್ದರು. ಸೊಸೆ ಬೈಯಲಿಲ್ಲ. ಹೊಸ ಪಟ್ಟಿ ಸುತ್ತುತ್ತಾ, "ಯಾವಾಗ ತೆಗೆದ್ರಿ?" ಎಂದಷ್ಟೇ ಕೇಳಿದಳು.

"ಟೀ ಆದ್ಮೇಲೆ. ಅಲ್ಲಿಂದೀಚಿನ ನನ್ನ ಕ್ರೇಟೆಲ್ಲ ತೆಗೆದಿಡು. ಒಂದು ಹಣ್ಣೂ ಹೋಗೋದು ಬೇಡ."

ಕ್ರೇಟಿಗೆ ಅವರವರ ಹೆಸರು, ಹೊತ್ತು ಬರೆದ ಚೀಟಿ ಇದ್ದುದರಿಂದ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಪಟ್ಟಿ ಬೇರೆಲ್ಲೂ ಸೇರಿಲ್ಲವೆಂದು ಖಾತ್ರಿಯಾಗುವವರೆಗೆ ವ್ಯಾನು ಕದಲುವಂತಿಲ್ಲ ಎಂದಳು ಸೊಸೆ. ಎಲ್ಲರೂ ಹುಡುಕಲು ಕೂತರು. ಕೊನೆಗೆ ಅದು ಅತ್ತೆಯದೇ ಒಂದು ಕ್ರೇಟಿನ ತಳದಲ್ಲಿ ಸಿಕ್ಕಿತು. ಅದೂ ನಾದಿನಿಯ ಕೈಗೇ ಸಿಗಬೇಕೇ! ಏನೋ ಚುಚ್ಚಲು ಹೊರಟವಳು ಅತ್ತಿಗೆಯ ಮುಖ ನೋಡಿ ಪಟ್ಟಿಯನ್ನು ಸೊಸೆಯ ಕೈಗಿಟ್ಟಳು.

ತೆಗೆದಿಟ್ಟ ಹಣ್ಣೆಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಖಾಲಿ ಕ್ರೇಟುಗಳನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದರು. ಅಷ್ಟು ಚೆಂದದ ಹಣ್ಣು ಮಣ್ಣುಪಾಲಾದದ್ದಕ್ಕೆ ಅತ್ತೆಗೆ ಕರುಳು ಚುರುಕ್ ಎಂದಿತು. ಆದರೂ ತಡವಾಗಿ ಹೊರಟ ವ್ಯಾನನ್ನು ನೋಡುತ್ತ ನಿಂತಾಗ ಮನಸ್ಸು ಹಗುರಾಗಿತ್ತು.

"ಗಾಯ ಮಾಯೋವರೆಗೂ ಕೀಳೋದು ಬೇಡ ಅತ್ತೆ," ಎಂದಳು ಸೊಸೆ. "ನಲ್ಲಿ ಹತ್ತಿರ ನಿಂತ್ಕೊಂಡು ಎಲ್ಲರೂ ಕೈ ತೊಳೀತಾರಾ ನೋಡ್ಕೊಳ್ಳಿ."

ಮರುದಿನದಿಂದ ತೋಟದವರಿಗೆ ಉಳಿಗಾಲವಿಲ್ಲದಂತಾಯಿತು. ಸೋಪು ಮುಟ್ಟಿಸಿ ಜಾರಿಕೊಂಡ ಮಗನನ್ನು ಅತ್ತೆ ಅರ್ಧ ಸಾಲಿನಿಂದ ವಾಪಸು ಕರೆಸಿದರು. ನಾದಿನಿಯ ಉಗುರು ನೋಡಿ ಮುಖ ಸಿಂಡರಿಸಿದರು. ಕ್ರೇಟು ಮುಟ್ಟಲು ಹೋದ ಡ್ರೈವರಿಗೂ ಬಿಡುಗಡೆ ಸಿಗಲಿಲ್ಲ. ಕೊನೆಗೆ ಅವಸರದಲ್ಲಿ ಬಂದ ಸೊಸೆ ಕೈಗೆ ನೀರು ಹಾಕಿಕೊಂಡು ಹೊರಟಳು.

"ಏನಮ್ಮ ಉಸ್ತುವಾರಿ," ಎಂದರು ಅತ್ತೆ, ಸೋಪನ್ನು ಮುಂದೆ ಚಾಚಿ. "ನೊರೆ ಮಣಿಕಟ್ಟಿನವರೆಗೂ ಬರ್ಬೇಕು. ಮೊದಲಿಂದ ತೊಳಿ."