ಶೆಟ್ಟರು ಮಾಡಿಸಿದ ಹೊಳೆಯುವ ಪಂಜರ

ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಭುಜಂಗ ಶೆಟ್ಟರಿಗೆ ಗಿರಾಕಿಗಳ ಚಿಂತೆಯಿಲ್ಲ, ಅಡುಗೆಯವರ ಚಿಂತೆಯೂ ಇಲ್ಲ. ಇದ್ದದ್ದು ಒಂದೇ ಚಿಂತೆ, ಮಗಳು ಮಾನಸಿ. ಇಪ್ಪತ್ತಾರರ ಹುಡುಗಿ. ಐರೋಲಿಯ ಆಫೀಸಿನಿಂದ ಬಂದವಳೇ ಹೋಟೆಲಿನ ಹಿಂದಿನ ಅಂಗಳದಲ್ಲಿ ಹಳೆಯ ಪಿಕಪ್ ಗಾಡಿಯ ಅಡಿಗೆ ನುಸುಳುತ್ತಿದ್ದಳು. ಒಂದು ಕಾಲದಲ್ಲಿ ವಾಶಿ ಮಾರ್ಕೆಟಿನಿಂದ ತರಕಾರಿ ಹೊತ್ತು ತರುತ್ತಿದ್ದ ಗಾಡಿ ಅದು. ಈಗ ಅದರ ಎಂಜಿನ್ನೇ ಬೇರೆ, ಗತ್ತೇ ಬೇರೆ. ಘಟ್ಟದ ಆಚೆ ಬಳಕೆ ತಪ್ಪಿದ ವಿಮಾನದ ಓಡುದಾರಿಯೊಂದರಲ್ಲಿ ಡ್ರ್ಯಾಗ್ ರೇಸ್ ನಡೆಯುತ್ತದೆ. ನಾನೂರು ಮೀಟರ್ ನೇರ ದಾರಿ, ಮೊದಲು ಮುಟ್ಟಿದವರು ಗೆದ್ದಂತೆ. ಮಾನಸಿಗೆ ಅಲ್ಲಿ ಓಡಿಸಬೇಕು.

"ಬೇಡ" ಎಂದು ಶೆಟ್ಟರು ಒಂದು ವರ್ಷ ಹೇಳಿದರು. ಮಗಳು ಒಂದು ವರ್ಷ ಕೇಳಿಸಿಕೊಂಡಳು, ಗಾಡಿಯ ಅಡಿಯಿಂದ ಮಾತ್ರ ಹೊರಗೆ ಬರಲಿಲ್ಲ. ಗಾಡಿ ಮಗುಚಿದರೂ ಒಳಗಿದ್ದವರನ್ನು ಕಾಯುವ ಉಕ್ಕಿನ ಪಂಜರವೊಂದಿದೆ, ಅದಕ್ಕೆ ರೋಲ್ ಕೇಜ್ ಎನ್ನುತ್ತಾರೆ ಎಂದು ತಿಳಿದ ಮೇಲೆ ಶೆಟ್ಟರು ಸ್ವಲ್ಪ ಮೆತ್ತಗಾದರು.

"ಆಯ್ತು. ಆದ್ರೆ ಅದನ್ನು ನಮ್ಮ ಪೂವಪ್ಪನೇ ಮಾಡ್ಬೇಕು" ಎಂದರು.

ಪೂವಪ್ಪ ಹೋಟೆಲಿನ ಖಾಯಂ ವೆಲ್ಡರ್. ಪಾತ್ರೆ ತೊಳೆಯುವ ಸಿಂಕು, ಚಾ ಕೌಂಟರು, ಹೊಗೆ ಕೊಳವೆ, ಮಹಡಿಗೆ ಹೋಗುವ ಮೆಟ್ಟಿಲಿನ ಕಂಬಿ, ಎಲ್ಲವೂ ಅವನ ಕೈಯದೇ. ಹದಿನೆಂಟು ವರ್ಷಗಳಿಂದ ಶೆಟ್ಟರು ಬೇರೆಯವರನ್ನು ಕರೆದಿಲ್ಲ, ಪೂವಪ್ಪ ಆಗುವುದಿಲ್ಲ ಎಂದಿಲ್ಲ. ಊರಿನಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮವರ ನಡುವೆ ಇಂಥ ನಂಬಿಕೆ ಹೊಸದೇನಲ್ಲ.

ಈ ಸಲ ಶೆಟ್ಟರು ಕೇಳಿದ್ದು ಒಂದೇ ಮಾತು. "ಎಷ್ಟು ದಿನ ಬೇಕು?"

"ನಾಲ್ಕು ದಿನ ಶೆಟ್ರೇ."

ಮೆಟ್ಟಿಲಿಗೆ ಹಾಕಿದ್ದ ಅದೇ ಸ್ಟೀಲ್ ಪೈಪು. ನಾಲ್ಕನೇ ದಿನ ಪಂಜರ ಎಷ್ಟು ಫಳಫಳ ಹೊಳೆಯುತ್ತಿತ್ತೆಂದರೆ ಶೆಟ್ಟರು ಅದರಲ್ಲಿ ಮುಖ ನೋಡಿ ಮೀಸೆ ಸರಿಮಾಡಿಕೊಂಡರು. ದೋಸೆ ಹಾಕುವವರೂ ಒಲೆ ಸಣ್ಣ ಮಾಡಿ ಬಂದು ನೋಡಿಹೋದರು.

ರೇಸಿಗೆ ಇನ್ನು ಮೂರೇ ದಿನ. ಮಾನಸಿ ಪೈಪನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಪಪ್ಪಾ, ಏಕ್ ಬಾರ್ ವಿನೋದಾ ಟೀಚರಿಗೆ ತೋರಿಸುವಾ ನಾ."

ವಿನೋದಾ ಟೀಚರ್ ಐಟಿಐಯಲ್ಲಿ ವೆಲ್ಡಿಂಗ್ ಕಲಿಸುವವರು. ರೇಸ್ ನಡೆಯುವಾಗ ಗಾಡಿಗಳ ತಪಾಸಣೆ ಮಾಡುವವರೂ ಅವರೇ. ಸಂಜೆ ಬಂದರು. ಚಾ ಕುಡಿದು, ಸೀರೆಯ ಸೆರಗು ಸಿಕ್ಕಿಸಿ, ಟಾರ್ಚು ಹಿಡಿದು ಗಾಡಿಯ ಅಡಿಗೆ ಬಗ್ಗಿದರು.

"ಹೇಗುಂಟು ಟೀಚರೇ?" ಶೆಟ್ಟರು ಪೂವಪ್ಪನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊಗಳಿಕೆಗೆ ಕಾದು ನಿಂತಿದ್ದರು.

"ಚಂದ ಉಂಟು ಭುಜಂಗಣ್ಣ. ಒಂದು ಕೆಲಸ ಮಾಡಿ. ಕ್ಯಾಬಿನ್ ಹಿಡಿದು ಜೋರು ಅಲ್ಲಾಡಿಸಿ."

ಶೆಟ್ಟರು ಅಲ್ಲಾಡಿಸಿದರು. ಕ್ಯಾಬಿನ್ ಅತ್ತಿತ್ತ ತುಸು ಓಲಾಡಿತು.

"ಕೆಳಗಿನ ಚಾಸಿ ಅಲ್ಲಾಡ್ತಾ?"

"ಇಲ್ಲ."

"ಈ ಗಾಡಿಯ ಎಲುಬು ಆ ಚಾಸಿ. ಕ್ಯಾಬಿನ್ ಅಂದ್ರೆ ಅದರ ಮೇಲೆ ರಬ್ಬರ್ ಇಟ್ಟು, ಬೋಲ್ಟ್ ಹಾಕಿ ಕೂರಿಸಿದ ಡಬ್ಬ. ನೀವು ಪಂಜರ ನಿಲ್ಲಿಸಿದ್ದು ಡಬ್ಬದ ತಗಡಿನ ಮೇಲೆ. ಗಾಡಿ ಪಲ್ಟಿ ಹೊಡೆದ್ರೆ ಪೈಪು ತಗಡು ಹರಿದು ಕೆಳಗೆ ಇಳೀತದೆ, ಛಾವಣಿ ಇವಳ ತಲೆ ಮೇಲೆ ಬರ್ತದೆ. ಬೋಲ್ಟ್ ಕಿತ್ತುಹೋದ್ರೆ ಚಾಸಿ ಒಂದು ಕಡೆ, ಡಬ್ಬ ಒಂದು ಕಡೆ."

ಶೆಟ್ಟರಿಗೆ ಸಿಟ್ಟು ಬಂತು. "ಪೂವಪ್ಪ ಹಾಕಿದ ಮೆಟ್ಟಿಲಿನ ಕಂಬಿ ಇವತ್ತಿನವರೆಗೆ ಅಲ್ಲಾಡ್ಲಿಲ್ಲ, ಗೊತ್ತುಂಟಾ?"

"ಆ ಕಂಬಿ ಹಿಡಿದು ಜನ ಊಟಕ್ಕೆ ಹತ್ತುತ್ತಾರೆ ಭುಜಂಗಣ್ಣ. ನೂರಿಪ್ಪತ್ತರ ಸ್ಪೀಡಲ್ಲಿ ಬಂದು ಯಾರೂ ಅದರ ಮೇಲೆ ಬೀಳುದಿಲ್ಲ."

ಟೀಚರ್ ಮುಂದೆ ವಾದಿಸಲಿಲ್ಲ. ಚಾಸಿಯ ಮೇಲೆ ಒಂದು ಸಣ್ಣ ಜಾಕ್ ಇಟ್ಟರು. ಅದರ ತಲೆ ಪಂಜರದ ಕಾಲು ನಿಂತ ತಗಡಿಗೆ ಅಡಿಯಿಂದ ತಾಗುವಂತೆ ಮಾಡಿದರು. ಹಿಡಿಕೆಯನ್ನು ಶೆಟ್ಟರ ಕೈಗೇ ಕೊಟ್ಟರು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ತಗಡು ಪೂರಿಯ ಹಾಗೆ ಉಬ್ಬಿತು. ವೆಲ್ಡಿಂಗಿನ ಅಂಚು ಟಕ್ಕೆಂದು ಬಿಟ್ಟುಕೊಂಡಿತು.

ಶೆಟ್ಟರು ಹಿಡಿಕೆ ಬಿಟ್ಟರು. ತಾನು ಅಷ್ಟು ಮೆಲ್ಲಗೆ ಒತ್ತಿದ್ದಕ್ಕೇ ಹೀಗಾದರೆ, ಇಡೀ ಗಾಡಿಯ ಭಾರ ಬಿದ್ದಾಗ? ಮೂರು ದಿನ ಬಿಟ್ಟು ಮಗಳನ್ನು ಇದರೊಳಗೆ ಕೂರಿಸಿ ತಾನೇ ಬಾಗಿಲು ಹಾಕುತ್ತಿದ್ದೆ ಎಂದು ನೆನೆದು ಅವರಿಗೆ ನಿಜಕ್ಕೂ ಭಯವಾಯಿತು. ಭಯ ಪೂವಪ್ಪನ ಮೇಲೆ ತಿರುಗಿತು.

"ನಿನಗೆ ಇಷ್ಟೂ ಗೊತ್ತಿರ್ಲಿಲ್ವಾ ಮಾರಾಯಾ?"

ಪೂವಪ್ಪ ತಲೆ ತಗ್ಗಿಸಿ ನಿಂತಿದ್ದ. "ಇಲ್ಲ ಶೆಟ್ರೇ, ಗೊತ್ತಿರ್ಲಿಲ್ಲ. ಇಷ್ಟು ವರ್ಷದಲ್ಲಿ ನಿಮ್ಮ ಹತ್ರ, ಈ ಕೆಲಸ ನನಗೆ ಬರುದಿಲ್ಲ ಅಂತ ಹೇಳಿದ್ದೇ ಇಲ್ಲ. ಈ ಸಲವೂ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಶೆಟ್ಟರು ಬಗ್ಗಿ ಜಾಕ್ ಸಡಿಲಿಸಿದರು. ಇದು ನಿನಗೆ ಬರುತ್ತದೆಯೇ ಎಂದು ತಾನು ಕೇಳಿದ್ದರೆ ತಾನೆ? ತಪ್ಪು ಇಬ್ಬರದೂ ಹೌದು, ಹೆಚ್ಚಿನದು ತನ್ನದು ಎಂದು ಅವರಿಗೆ ಅನಿಸಿತು.

"ಈ ಭಾನುವಾರ ಇಲ್ಲ ಮಗಾ" ಎಂದು ಮಾನಸಿಯ ಕಡೆ ತಿರುಗಿದರು.

ಮಾನಸಿಯ ಕಣ್ಣು ತುಂಬಿತು. "ಕಡೇಪಕ್ಷ ರಸ್ತೆಯಲ್ಲಿ ಮಾಜಿವಾಡಾ ತನಕ ಒಂದು ರೌಂಡ್ ಹೋಗಿ ಬರ್ಲಾ?"

"ಅದೂ ಬೇಡ" ಎಂದರು ಟೀಚರ್. "ಹೆಲ್ಮೆಟ್ ಇಲ್ಲದ ತಲೆಗೆ ಈ ಪೈಪೇ ಸುತ್ತಿಗೆ. ಗಟ್ಟಿ ಬ್ರೇಕ್ ಬಿದ್ರೆ ಸಾಕು. ರೇಸಿನ ಗಾಡಿ ರಸ್ತೆಗಲ್ಲ. ಇನ್ನೊಂದು ಗಾಡಿ ಮೇಲೆ ಹತ್ತಿಸಿ ಮೈದಾನಕ್ಕೆ ತಗೊಂಡು ಹೋಗುದು."

ಮರುದಿನ ಪೂವಪ್ಪನೇ ಬಂದು ಪಂಜರ ಕತ್ತರಿಸಿ ತೆಗೆದ. ಗಾಡಿ ಇನ್ನೊಂದು ಗಾಡಿಯ ಮೇಲೆ ಹತ್ತಿ ತುರ್ಭೆಯ ಕಿಟ್ಟಣ್ಣನ ವರ್ಕ್‌ಶಾಪಿಗೆ ಹೋಯಿತು. ರೇಸಿನ ಗಾಡಿ ಕಟ್ಟುವುದೇ ಕಿಟ್ಟಣ್ಣನ ಕಸುಬು. ಕರೆಯದಿದ್ದರೂ ಪೂವಪ್ಪ ಜೊತೆಗೆ ಹೋದ. ಕಿಟ್ಟಣ್ಣನ ಮುಂದೆ ನಿಂತು, "ಇದು ನನಗೆ ಬರುದಿಲ್ಲ, ತೋರಿಸಿಕೊಡಿ" ಎಂದ. ಪಕ್ಕದಲ್ಲಿದ್ದ ಶೆಟ್ಟರು ಅವನ ಹೆಗಲ ಮೇಲೆ ಕೈಯಿಟ್ಟರು.

ಕಿಟ್ಟಣ್ಣ ಮೊದಲು ಇಂಧನದ ಟ್ಯಾಂಕ್ ಇಳಿಸಿ, ಬ್ಯಾಟರಿಯ ವೈರು ಕಳಚಿದ. ರೇಸಿನ ನಿಯಮ ಪುಸ್ತಕ ಹೇಳುವಷ್ಟೇ ದಪ್ಪದ, ಉದ್ದಕ್ಕೂ ಬೆಸುಗೆಯಿಲ್ಲದ ಉಕ್ಕಿನ ಕೊಳವೆ ತರಿಸಿದ. ಕ್ಯಾಬಿನ್ನಿನ ನೆಲದಲ್ಲಿ ತೂತು ಕೊರೆದ. ಛಾವಣಿಗೆ ಅಂಟಿಕೊಂಡ ಮೇಲಿನ ಸಂದಿಗೆ ವೆಲ್ಡಿಂಗ್ ಮಾಡುವ ಕೈ ಹೋಗುವುದಿಲ್ಲವಲ್ಲ, ಅದಕ್ಕೆ ಪಂಜರವನ್ನೇ ಆ ತೂತುಗಳಲ್ಲಿ ಕೆಳಗಿಳಿಸಿ, ಸಂದಿಗಳನ್ನು ಸುತ್ತಲೂ ಪೂರ್ತಿ ಬೆಸೆದು, ಮತ್ತೆ ಮೇಲೆತ್ತಿದ. ಆಮೇಲೆ ಕಾಲುಗಳನ್ನು ದಪ್ಪ ಪಟ್ಟಿ ಕೊಟ್ಟು ಚಾಸಿಗೇ ಬೆಸೆದ. ರಬ್ಬರಿನ ಜಾಗದಲ್ಲಿ ಲೋಹದ ಬಿಲ್ಲೆ ಬಂತು, ಇನ್ನು ಕ್ಯಾಬಿನ್ ಓಲಾಡುವ ಹಾಗಿಲ್ಲ. ಸೀಟು, ಬೆಲ್ಟು ಎರಡನ್ನೂ ಪಂಜರಕ್ಕೆ ಬಿಗಿದ. ಹೆಲ್ಮೆಟ್ ತಾಗಬಹುದಾದ ಕಡೆಗಳಿಗೆ ಗಟ್ಟಿ ಮೆತ್ತೆ ಕಟ್ಟಿದ. ಎರಡು ತಿಂಗಳು ಹಿಡಿಯಿತು. ಹೊಳಪು ಇರಲಿಲ್ಲ, ಬರೀ ಕಪ್ಪು ಬಣ್ಣ. ಶೆಟ್ಟರು ಹೊಳಪಿನ ಮಾತೆತ್ತಲಿಲ್ಲ.

ಮುಂದಿನ ರೇಸಿನ ದಿನ ಟೀಚರ್ ಗಾಡಿಯ ಅಡಿಗೆ ಬಗ್ಗಿ ಎದ್ದು, ಗಾಜಿನ ಮೇಲೆ ಒಪ್ಪಿಗೆಯ ಚೀಟಿ ಅಂಟಿಸಿದರು. ಹಸಿರು ದೀಪ ಹತ್ತಿತು. ಗಾಡಿ ನೇರ ಹೋಯಿತು, ನೇರ ನಿಂತಿತು. ಹದಿನಾಲ್ಕು ಸೆಕೆಂಡು. ಮಾನಸಿ ಸೋತಳು. ಹೆಲ್ಮೆಟ್ ತೆಗೆದು ನಗುತ್ತ ಬಂದ ಮಗಳನ್ನು ಶೆಟ್ಟರು ಅಡಿಯಿಂದ ಮುಡಿಯವರೆಗೆ ನೋಡಿದರು. ಏನೂ ಆಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ವೇಗದ ಹುಚ್ಚಿನವರು ಇರಬಹುದು. ಬೈದು ಪ್ರಯೋಜನವಿಲ್ಲ, ಅವರೊಂದಿಗೆ ಗಾಡಿಯ ಅಡಿಗೆ ಬಗ್ಗಿ ನೋಡಿ. ಚಾಸಿಯ ಮೇಲೆ ಕ್ಯಾಬಿನ್ ಕೂರಿಸಿದ ಗಾಡಿಯಾದರೆ ಪಂಜರದ ಕಾಲು ಚಾಸಿಯನ್ನೇ ಹಿಡಿದಿರಬೇಕು. ಬಲ್ಲವರಿಂದ ತಪಾಸಣೆಯಾಗದೆ ಓಡಿಸಬೇಡಿ, ರಸ್ತೆಯಲ್ಲಂತೂ ಬೇಡವೇ ಬೇಡ. ಕೆಲಸ ಒಪ್ಪಿಸುವಾಗ ಎಷ್ಟು ದಿನ ಬೇಕು ಎಂದು ಕೇಳುವ ಮೊದಲು, ಇದು ನಿಮಗೆ ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲ ಎಂದು ಅವರು ಹೇಳಿದರೆ ಮುಖ ಗಂಟಿಕ್ಕಬೇಡಿ. ಕೂರಿಸಿ ಒಂದು ಚಾ ಕೊಡಿ, ನಿಮ್ಮ ಮಗುವಿನ ಜೀವ ಉಳಿಸಿದವರು ಅವರು.