ಕೊನೆಗೆ ಬರೆಯುವ ಒತ್ತು

ಮೂರು ದಿನ ಜಿನುಗಿದ ಮಳೆ ನಿಂತು, ಆವತ್ತು ಬೆಳಿಗ್ಗೆ ಆಕಾಶ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು. ಗಾಳಿಯಿಲ್ಲ, ಧೂಳಿಲ್ಲ. ಗೋಡೆಗೆ ಬಣ್ಣ ಹಚ್ಚಿದರೆ ಸೋರದೆ, ಬಿರಿಯದೆ, ತನ್ನಷ್ಟಕ್ಕೆ ಒಣಗಿ ಕೂರುವಂಥ ಹದವಾದ ಬಿಸಿಲು. ಇಂಥ ದಿನಗಳು ವರ್ಷಕ್ಕೆ ಹತ್ತೋ ಹನ್ನೆರಡೋ; ದೇವರು ಅವನ್ನು ಬೋರ್ಡು ಬರೆಯುವವರಿಗೆಂದೇ ಕಳಿಸುತ್ತಾನೆ ಎಂದು ಬೋರ್ಡಣ್ಣ ನಂಬಿದ್ದ. ಅಂಥ ನಂಬಿಕೆಯ ಮನುಷ್ಯ ಈಗ ಕಿಟಕಿಯ ಪಕ್ಕದ ಮಂಚದಲ್ಲಿ, ಪ್ಲಾಸ್ಟರ್ ಹಾಕಿದ ಬಲಗಾಲನ್ನು ಎರಡು ದಿಂಬಿನ ಮೇಲೇರಿಸಿಕೊಂಡು, ಆ ಬಿಸಿಲನ್ನು ವೈರಿಯ ಮುಖ ನೋಡುವಂತೆ ನೋಡುತ್ತಿದ್ದ.

ಬೋರ್ಡಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಸುತ್ತಮುತ್ತಲ ಅಂಗಡಿ, ಶಾಲೆ, ಆಸ್ಪತ್ರೆಗಳ ಹೆಸರನ್ನೆಲ್ಲ ಮೂವತ್ತು ವರ್ಷದಿಂದ ಬರೆದವನು ಅವನೇ. ಅಷ್ಟೊಂದು ಹೆಸರು ಬರೆದವನ ಸ್ವಂತ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ. ಐದು ವಾರದ ಹಿಂದೆ ಹಣ್ಣಿನಂಗಡಿಯ ಮುಂದೆ ಏಣಿಯಿಂದ ಬಿದ್ದು, ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದುಕೊಂಡ. ಮಂಚವನ್ನು ಒಳಕೋಣೆಯಿಂದ ಮುಂದಿನ ಕೋಣೆಗೆ ತಂದು ಹಾಕಿದರು. ಬಂದವರು ಹೋದವರೆಲ್ಲ ಮೊದಲು ಅವನ ಕಾಲನ್ನು ಮಾತಾಡಿಸಿ, ಆಮೇಲೆ ಅವನನ್ನು ಮಾತಾಡಿಸುವುದು ರೂಢಿಯಾಯಿತು.

ಏಳಬೇಕಾದರೆ ಕಿಟಕಿಯ ಸರಳಿಗೆ ಕಟ್ಟಿದ ಹಗ್ಗ ಹಿಡಿದು ಜಗ್ಗಬೇಕು. ಬಚ್ಚಲಿಗೆ ಹೋಗಬೇಕಾದರೆ ಎರಡು ಊರುಗೋಲು, ಜೊತೆಗೆ ಹಿಂದಿನಿಂದ ಹೆಂಡತಿಯ ಕೈ. ಸ್ನಾನವೆಂದರೆ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಟೂಲಿನ ಮೇಲೆ ಕೂರಿಸಿ, ಅವಳು ಪಾತ್ರೆ ತೊಳೆದ ಹಾಗೆ ತೊಳೆಯುವುದು. ಇದೆಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದ್ದ. ಸಹಿಸಲಾಗದ್ದು ಪ್ಲಾಸ್ಟರಿನೊಳಗಿನ ತುರಿಕೆ. ಉದ್ದ ಹಿಡಿಯ ಬ್ರಶ್ಶೊಂದನ್ನು ತಲೆಕೆಳಗು ಮಾಡಿ ಪ್ಲಾಸ್ಟರಿನ ಸಂದಿಗೆ ತೂರಿಸಿ ಕೆರೆದುಕೊಳ್ಳುತ್ತಿದ್ದ. ತುರಿಕೆ ಮಾತ್ರ ಸದಾ ಹಿಡಿಯ ತುದಿಗಿಂತ ಒಂದು ಬೆರಳು ಆಚೆಗೇ ಇರುತ್ತಿತ್ತು.

"ಟೀ ಆರಿಹೋಗಿದೆ," ಎಂದ ಬೋರ್ಡಣ್ಣ.

"ಈಗ ತಾನೆ ಸೋಸಿದ್ದು."

"ಹಾಗಾದ್ರೆ ಸೋಸೋವಾಗ್ಲೇ ಆರಿದೆ. ಈ ಫ್ಯಾನು ಯಾಕೆ ಹೀಗೆ ಕಿರುಚುತ್ತೆ? ಆ ದಿಂಬು ಯಾರು ತಿರುಗಿಸಿದ್ದು?"

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕಾಲು ಕೆರೆದುಕೊಂಡು ಜಗಳಕ್ಕೆ ಬರೋರನ್ನ ನೋಡಿದ್ದೆ. ಕೆರೆಯೋಕೆ ಕಾಲು ಸಿಗದೆ ಜಗಳಕ್ಕೆ ಬರೋರನ್ನ ಇದೇ ಮೊದಲು ನೋಡ್ತಿರೋದು."

ಬೇರೆ ದಿನವಾಗಿದ್ದರೆ ನಗುತ್ತಿದ್ದನೇನೋ. ಇವತ್ತು ನಗು ಬರಲಿಲ್ಲ. ಅವನ ಸಿಟ್ಟು ಟೀಯ ಮೇಲಲ್ಲ, ಫ್ಯಾನಿನ ಮೇಲೂ ಅಲ್ಲ. ಅದಕ್ಕೆ ಎರಡು ಕಾಲಿತ್ತು, ಎರಡು ಕೈಯಿತ್ತು, ಇನ್ನೇನು ಚಪ್ಪಲಿ ಬಿಟ್ಟು ಬಾಗಿಲೊಳಗೆ ಬರುವುದರಲ್ಲಿತ್ತು.

"ಭಾವ, ರಾತ್ರಿ ನಿದ್ದೆ ಬಂತಾ?" ಎನ್ನುತ್ತ ಕಡ್ಡಿ ಒಳಗೆ ಬಂದ.

ಕಡ್ಡಿ ಅವನ ಹೆಂಡತಿಯ ತಮ್ಮ. ಮೂವತ್ತು ದಾಟಿದರೂ ಮೈಗೆ ಮಾಂಸ ಹತ್ತದ್ದರಿಂದ ಆ ಹೆಸರು. ಅಕ್ಕನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಹನ್ನೊಂದು ವರ್ಷದಿಂದ ಭಾವನ ಜೊತೆ ಕೆಲಸ: ಬಣ್ಣ ಕಲಸುವುದು, ದಾರ ಹಿಡಿದು ಗೆರೆ ಹೊಡೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ, ಏಣಿ ಹಿಡಿಯುವುದು.

ಅವರ ಕಸುಬಿನಲ್ಲಿ ಏಣಿಗೆ ಎರಡೇ ಮಾತು. ಕೆಳಗಿನವನು ಏಣಿಯನ್ನು ಅದುಮಿ ನಿಂತು 'ಹಿಡಿದೆ' ಅನ್ನಬೇಕು. ಮೇಲಿನವನು ಆಗ ಹತ್ತಬೇಕು. ಕೆಳಗಿನವನಿಗೆ ಕೆಮ್ಮು ಬರಲಿ, ಸೀನು ಬರಲಿ, ಕೈ ತೆಗೆಯುವ ಮೊದಲು 'ಬಿಟ್ಟೆ' ಎಂದು ಕೂಗಬೇಕು. ಮೇಲಿನವನು ಆಗ ಬರೆಯುವುದನ್ನು ನಿಲ್ಲಿಸಿ ಗೋಡೆ ಹಿಡಿದು ನಿಲ್ಲುತ್ತಾನೆ. ಬೋರ್ಡಣ್ಣ ಮೊದಲ ಮೆಟ್ಟಿಲಿಗೆ ಹಣೆ ಮುಟ್ಟಿಸಿ, "ಮೇಲೆ ನೀನು ಹಿಡಿ, ಕೆಳಗೆ ಇವನು ಹಿಡೀತಾನೆ," ಎಂದು ದೇವರಿಗೆ ಹೇಳಿ ಹತ್ತುತ್ತಿದ್ದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವನ ಪಾದ ತಪ್ಪಿರಲಿಲ್ಲ.

ಆ ದಿನವೂ ತಪ್ಪಿರಲಿಲ್ಲ. ಹಣ್ಣಿನಂಗಡಿಯ ಬೋರ್ಡಿನ ಸಾಲು ಮುಗಿಸಿ, ಒಂದು ಮೆಟ್ಟಿಲು ಇಳಿಯಲು ಕಾಲು ಕೆಳಗಿಟ್ಟಾಗ ಏಣಿಯ ಬುಡವೇ ಜಾರಿತು. ನೆಲದ ಮೇಲೆ ಬಿದ್ದು ಕಣ್ಣು ಬಿಟ್ಟರೆ, ಮೇಲೆ ಬಾಗಿದ ಕಡ್ಡಿಯ ಮುಖ. ಅವನ ಗಲ್ಲದ ಮೇಲೆ ಕಲ್ಲಂಗಡಿಯ ಕರೀ ಬೀಜವೊಂದು ಅಂಟಿಕೊಂಡಿತ್ತು. ಗಿರಾಕಿಗಳು ರುಚಿ ನೋಡಲೆಂದು ಅಂಗಡಿಯ ಮುಂದೆ ಹೋಳು ಕೊಯ್ದಿಟ್ಟ ತಟ್ಟೆ ಇರುತ್ತದಲ್ಲ, ಅಲ್ಲಿಗೆ ಹೋಗಿದ್ದಾನೆ ಮಹಾಶಯ. 'ಬಿಟ್ಟೆ' ಅನ್ನದೆ ಬಿಟ್ಟು ಹೋಗಿದ್ದಾನೆ. ಅಂಗಡಿಯವನು ಒಳಗೆ ತೂಕ ಹಾಕುತ್ತಿದ್ದ, ನೋಡಲಿಲ್ಲ. ಆ ಬೀಜವನ್ನು ಕಂಡದ್ದು ಬೋರ್ಡಣ್ಣ, ಮತ್ತು ಮೇಲಿರುವ ಆ ದೇವರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮೊದಲೇ ಕಡ್ಡಿ ಹೇಳಿಬಿಟ್ಟ: "ಭಾವನಿಗೆ ತಲೆ ಸುತ್ತು ಬಂತು."

ನೋವಿನಲ್ಲಿ ಬೋರ್ಡಣ್ಣನಿಗೆ ಬಾಯಿ ತೆರೆಯಲಾಗಲಿಲ್ಲ. ಹೆದರಿದ್ದಾನೆ, ನಾಳೆ ತಾನಾಗಿ ಹೇಳುತ್ತಾನೆ ಎಂದುಕೊಂಡ. ಮಾರನೆ ದಿನ ಹೇಳಲಿಲ್ಲ. ವಾರವಾಯಿತು. ಅಷ್ಟರಲ್ಲಿ 'ತಲೆ ಸುತ್ತು' ಬೀದಿಯೆಲ್ಲ ಸುತ್ತಿ ಬಂದು, ರಕ್ತ ಕಡಿಮೆ, ವಯಸ್ಸಾಯಿತು, ಕಣ್ಣೂ ಮಂಜಂತೆ ಎಂದು ಬೆಳೆಯುತ್ತ ಹೋಯಿತು. ಈಗ ತಾನು ಬಾಯಿ ಬಿಟ್ಟರೆ, ಬಿದ್ದವನು ಇನ್ನೊಬ್ಬನ ಮೇಲೆ ಹಾಕುತ್ತಿದ್ದಾನೆ ಎನ್ನುತ್ತಾರೆ. ಅವನ ಬಾಯಿಂದಲೇ ಬರಬೇಕು ಎಂದು ಬೋರ್ಡಣ್ಣ ಹಟ ಹಿಡಿದು ಕುಳಿತ. ಕಡ್ಡಿಯೋ, ದಿನಾ ಬೆಳಿಗ್ಗೆ ಬಂದು ಕಾಲೊತ್ತುತ್ತಾನೆ, ನೀರು ತುಂಬಿಸುತ್ತಾನೆ, ಔಷಧ ತರುತ್ತಾನೆ. ಅವನ ಒಂದೊಂದು ಸೇವೆಯೂ ಬೋರ್ಡಣ್ಣನಿಗೆ ಉರಿಯ ಮೇಲೆ ಎಣ್ಣೆ.

"ಇಪ್ಪತ್ತು ಸಲ ಬಂದು ಹೋಗ್ತಾನೆ ನನ್ನ ತಮ್ಮ," ಎನ್ನುತ್ತಿದ್ದಳು ಹೆಂಡತಿ. "ಒಂದು ಒಳ್ಳೆ ಮಾತು ಆಡಬಾರದಾ?"

ಇವತ್ತು ಕಡ್ಡಿಯ ಹಿಂದೆಯೇ ಹಣ್ಣಿನಂಗಡಿಯವನೂ ಬಂದ. ದಪ್ಪ ಆಳು, ದೊಡ್ಡ ದನಿ. ಕುರ್ಚಿ ಎಳೆದುಕೊಂಡು, ಪದ್ಧತಿಯಂತೆ ಮೊದಲು ಪ್ಲಾಸ್ಟರನ್ನು ತಟ್ಟಿ ನೋಡಿ, ನಗತೊಡಗಿದ.

"ಬೋರ್ಡಣ್ಣ, ನಿನ್ನ ಕೈಯಿಂದ ನನ್ನ ಮಾನ ಬೀದಿಪಾಲಾಯ್ತಲ್ಲೋ! 'ತಾಜಾ ಹಣ್ಣು' ಅಂತ ಬರಿ ಅಂದ್ರೆ 'ತಾಜಾ ಹಣ' ಅಂತ ಬರೆದು ಮಲಗಿದೀಯ. ಹೋಗೋ ಬರೋರೆಲ್ಲ 'ಎರಡು ಕಟ್ಟು ಕೊಡಿ' ಅಂತಾರೆ. ನಿನ್ನೆ ಒಬ್ಬಳು ಅಜ್ಜಿ, 'ತಾಜಾ ಬೇಡಪ್ಪ, ಬಾಡಿದ್ದಾದ್ರೂ ಪರವಾಗಿಲ್ಲ' ಅಂದ್ಲು!"

ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಕಡ್ಡಿ ನಗಲಿಲ್ಲ.

"ತಮಾಷೆ ಇರ್ಲಿ," ಅಂಗಡಿಯವನು ದನಿ ತಗ್ಗಿಸಿದ. "ಕೊಂಬು, ಒತ್ತು ಮರೆಯೋ ಆಳಾ ನೀನು? ತಲೆ ಆಗ್ಲೇ ತಿರುಗ್ತಿತ್ತು ಅನ್ನು, ಪಾಪ. ಶಾಲೆ ಹೆಡ್ ಮೇಡಮ್ಮೂ ಅದನ್ನೇ ಅಂದ್ರು. 'ಒತ್ತು ಬಿಟ್ಟುಹೋಗೋಷ್ಟು ತಲೆ ಸುತ್ತೋ ಮನುಷ್ಯನ್ನ ಮಕ್ಕಳೆದುರು ಏಣಿ ಹತ್ತಿಸಲ್ಲ' ಅಂತ. ಶಾಲೆಯ ಉದ್ದಗೋಡೆ ನಮ್ಮ ಕಡ್ಡೀನೇ ಬರೀತಾನಂತೆ. ನನ್ನ ಒತ್ತೂ ಇವತ್ತೇ ಹಾಕಿಬಿಡ್ತಾನೆ. ಬಿಸಿಲು ಚೆನ್ನಾಗಿದೆ ನೋಡು."

ಬಿಸಿಲು ಚೆನ್ನಾಗಿದೆ ಎಂದು ಇವನು ಹೇಳಬೇಕೆ?

ಶಾಲೆಯ ಉದ್ದಗೋಡೆ! 'ಅ'ದಿಂದ 'ಳ'ವರೆಗೆ ಇಡೀ ಅಕ್ಷರಮಾಲೆ, ಒಂದೊಂದೂ ಆಳೆತ್ತರ. ಆ ಗೋಡೆಗಾಗಿ ಬೋರ್ಡಣ್ಣ ಎಷ್ಟೋ ವರ್ಷ ಕಾದಿದ್ದ. ಅಂಗಡಿಯವರ ಹೆಸರು ಬಿಸಿಲಿಗೆ ಮಾಸುತ್ತದೆ, ಅಂಗಡಿ ಕೈ ಬದಲಾದರೆ ಸುಣ್ಣದಡಿ ಸೇರುತ್ತದೆ. ಆ ಗೋಡೆಯ ಅಕ್ಷರಗಳಾದರೋ ಮಕ್ಕಳ ಕಣ್ಣಿನೊಳಗೆ ಹೋಗಿ ಕೂರುತ್ತವೆ, ಅದೊಂದು ಪೂಜೆಯಂಥ ಕೆಲಸ ಎಂದು ಅವನ ಎಣಿಕೆ.

ಮೊದಲು ಹಾರಿದ್ದು ಟೀ ಲೋಟ. ಎದುರಿನ ಗೋಡೆಗೆ ಬಡಿದು, ಠಣಠಣ ಉರುಳಿ ಕಡ್ಡಿಯ ಕಾಲಬುಡದಲ್ಲಿ ನಿಂತಿತು.

"ಲೋ ಕಡ್ಡಿ!" ಹಗ್ಗ ಜಗ್ಗಿ ಬೋರ್ಡಣ್ಣ ಅರ್ಧ ಎದ್ದಿದ್ದ. "ಹೇಳೋ ಇವರಿಗೆ. ಕೊಂಬು, ಒತ್ತು ಯಾವಾಗ ಬರೀತೀವಿ ನಾವು?"

ಕಡ್ಡಿ ಲೋಟವನ್ನೇ ನೋಡುತ್ತಿದ್ದ. "ಕೊನೆಗೆ."

"ಕೇಳಿಸ್ಲಿಲ್ಲ!"

"ಕೊನೆಗೆ, ಭಾವ. ಮೇಲಿನ ಸಾಲು ಪೂರ್ತಿ ಮುಗಿಸಿ, ಒಂದು ಮೆಟ್ಟಿಲು ಇಳಿದು. ಒತ್ತು ಮೊದಲೇ ಬರೆದ್ರೆ ಕೈ ಊರೋಕೆ ಜಾಗ ಇರಲ್ಲ, ಹಸಿ ಬಣ್ಣ ಕದಡಿಹೋಗುತ್ತೆ."

"ಹನ್ನೊಂದು ವರ್ಷದಲ್ಲಿ ಒಂದು ಸಲ ನಾನು ಒತ್ತು ಮರೆತಿದ್ದು ನೋಡಿದೀಯಾ?"

"ಇಲ್ಲ."

"ಓಹೋ, ಹಾಗಾದ್ರೆ ಅದು ಮರೆತಿದ್ದಲ್ಲ," ಎಂದು ಅಂಗಡಿಯವನು ತಲೆಯಾಡಿಸಿದ. "ಸರಿ, ಒಪ್ಪಿದೆ. ಆದ್ರೆ ತಲೆ ಸುತ್ತಿ ಬಿದ್ದಿದ್ದಂತೂ ನಿಜ ತಾನೆ? ಏನೋ ಕಡ್ಡಿ?"

ಕಡ್ಡಿ ಬಾಯಿ ತೆರೆದ. ಐದು ವಾರದಿಂದ ಕಾದ ಮಾತು ಗಂಟಲವರೆಗೆ ಬಂದದ್ದು ಬೋರ್ಡಣ್ಣನಿಗೆ ಕಂಡಿತು. ಬಂದ ಮಾತು ನುಂಗಿದ ಬೀಜದ ಹಾಗೆ ಮತ್ತೆ ಕೆಳಗಿಳಿದದ್ದೂ ಕಂಡಿತು.

"ಹೂಂ," ಎಂದ ಕಡ್ಡಿ.

ಬೋರ್ಡಣ್ಣ ದಿಂಬಿನ ಕೆಳಗೆ ಕೈ ಹಾಕಿ ಒತ್ತು ಬರೆಯುವ ಸಣ್ಣ ಚಪ್ಪಟೆ ಬ್ರಶ್ಶನ್ನು ತೆಗೆದ. ಮೂವತ್ತು ವರ್ಷ ಅದನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಅದನ್ನು ಕಡ್ಡಿಯ ಎದೆಗೆ ಗುರಿಯಿಟ್ಟು ಎಸೆದ.

"ತಗೊಂಡು ಹೋಗು. ಹತ್ತು, ಬರಿ. ಶಾಲೆ ಗೋಡೆನೂ ಬರಿ. ಆದ್ರೆ ಕೆಳಗೆ ಯಾರು ಹಿಡಿದಿದ್ದಾರೆ ಅಂತ ನೋಡ್ಕೊಂಡು ಹತ್ತು. ಕೇಳಿಸ್ತಾ? ನೋಡ್ಕೊಂಡು ಹತ್ತು!"

ಕಡ್ಡಿ ಬ್ರಶ್ಶನ್ನೆತ್ತಿಕೊಂಡು ಅಂಗಡಿಯವನ ಹಿಂದೆ ತಲೆ ತಗ್ಗಿಸಿ ಹೋದ.

"ಇನ್ನು ಅವನು ಈ ಮನೆ ಹೊಸ್ತಿಲು ತುಳಿಯಲ್ಲ ನೋಡಿ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು. "ನಿಮ್ಮ ಸಿಟ್ಟಿಗೆ ಒಂದು ಕಾರಣ ಅಂತಾದ್ರೂ ಇದ್ದಿದ್ರೆ ನನ್ನ ಮನಸ್ಸಿಗೆ ಸಮಾಧಾನ ಆಗ್ತಿತ್ತು."

ಕಾರಣ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನಂಬುತ್ತಾಳೆ, ನಂಬಿದ ಗಳಿಗೆಯಲ್ಲೇ ತಮ್ಮನನ್ನು ಕಳೆದುಕೊಳ್ಳುತ್ತಾಳೆ. ಬೋರ್ಡಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಊಟದ ತಟ್ಟೆ ಬಂತು, ಮಾತಿಲ್ಲ. ತಟ್ಟೆ ಹೋಯಿತು, ಮಾತಿಲ್ಲ. ಅವಳು ಪಾತ್ರೆಗಳ ಮೂಲಕ ಆಡಬೇಕಾದ್ದನ್ನೆಲ್ಲ ಆಡಿದಳು.

ಮಧ್ಯಾಹ್ನದ ಬಿಸಿಲು ಮಂಚದವರೆಗೆ ಬಂದು ಪ್ಲಾಸ್ಟರಿನ ಮೇಲೆ ಕುಳಿತಿತು. ಬೋರ್ಡಣ್ಣ ಕಣ್ಣು ಮುಚ್ಚಿ ಪ್ರಾರ್ಥಿಸಲು ನೋಡಿದ. ಪ್ರತಿದಿನ, ಈ ಕೋಪವನ್ನು ತೆಗೆ ಎಂದು ಕೇಳುತ್ತಿದ್ದ. ಇವತ್ತು ಆ ಮಾತು ಸುಳ್ಳೆನಿಸಿತು. "ಕೋಪ ತೆಗೀಬೇಡ," ಎಂದ ಕೊನೆಗೆ. "ಸುಳ್ಳು ಹೋಗೋವರೆಗೂ ಇದು ಇರ್ಲಿ. ನನ್ನ ಹತ್ತಿರ ಇರೋ ನಿಜ ಇದೊಂದೇ." ಹಾಗೆಂದ ಮೇಲೆ, ಬಹಳ ದಿನಗಳ ನಂತರ, ಒಂದಿಷ್ಟು ನಿದ್ದೆ ಬಂತು.

ಎಚ್ಚರವಾದಾಗ ಬಿಸಿಲು ಕಿಟಕಿಯಿಂದಾಚೆ ಸರಿದಿತ್ತು. ಬಾಗಿಲಲ್ಲಿ ಕಡ್ಡಿ ನಿಂತಿದ್ದ.

"ಒತ್ತು ಹಾಕಿದ್ಯೇನೋ?" ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ಇಲ್ಲ ಅಕ್ಕ. ನೀನು ಸ್ವಲ್ಪ ಇಲ್ಲಿ ಬಾ."

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಕಡ್ಡಿ ಅವಳ ಮುಖ ನೋಡದೆ ಹೇಳುತ್ತ ಹೋದ. ಏಣಿ ಹಾಕಿದ್ದ. ಅಂಗಡಿಯವರೇ ಬುಡ ಹಿಡಿದುಕೊಂಡರು. ಆರು ಮೆಟ್ಟಿಲು ಹತ್ತಿ ಕೆಳಗೆ ನೋಡಿದರೆ, ಅವರ ಪಕ್ಕದಲ್ಲಿ ಅದೇ ತಟ್ಟೆ, ಅದೇ ಕಲ್ಲಂಗಡಿಯ ಹೋಳು. ಒಬ್ಬ ಗಿರಾಕಿ ಬಂದು ಬೆಲೆ ಕೇಳಿದ. ಅಂಗಡಿಯವರ ಒಂದು ಕೈ ಏಣಿಯಿಂದ ಮೇಲೆದ್ದಿತು.

"ಒಂದೇ ಕೈ ಅಕ್ಕ. ಒಂದು ಕೈ ಇನ್ನೂ ಹಿಡಿದೇ ಇತ್ತು. ಅಷ್ಟಕ್ಕೇ ನನ್ನ ಜೀವ ಬಾಯಿಗೆ ಬಂತು." ಅವನ ದನಿ ಸಣ್ಣದಾಯಿತು. "ಆವತ್ತು ಭಾವನಿಗೆ ಯಾವ ತಲೆನೂ ಸುತ್ತಿರಲಿಲ್ಲ. ನಾನು ಹಣ್ಣು ತಿನ್ನೋಕೆ ಹೋಗಿದ್ದೆ. ಎರಡು ಕೈಯೂ ತೆಗೆದು ಹೋಗಿದ್ದೆ. ಅಂಗಡಿಯವರಿಗೆ ಏಣಿ ಮೇಲಿಂದಾನೇ ಹೇಳಿದೆ. ಹೆಡ್ ಮೇಡಮ್ ಹತ್ತಿರ ಹೋಗಿ ಹೇಳಿ ಬಂದೆ. ಗೋಡೆ ನನ್ನದಲ್ಲ ಅಂತಾನೂ ಹೇಳಿದೆ. ಪ್ಲಾಸ್ಟರ್ ಬಿಚ್ಚೋವರೆಗೂ ಕಾಯ್ತಾರಂತೆ."

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ತಮ್ಮನ ಬೆನ್ನ ಮೇಲೆ ಒಂದು, ಎರಡು, ಮೂರು ಸಲ ಬಿತ್ತು. "ಐದು ವಾರ! ಐದು ವಾರ ನನ್ನ ಕೈಯಿಂದ ಊಟ ಮಾಡಿದ್ಯಲ್ಲೋ ಪಾಪಿ, ಇವರ ಎದುರಿಗೇ ಕೂತು!" ನಾಲ್ಕನೆಯದಕ್ಕೆ ಕೈ ಎತ್ತಿ, ಗಂಡನ ಕಡೆ ತಿರುಗಿದಳು. "ನಿಮಗೂ ಬಾಯಿರಲಿಲ್ವಾ?" ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ.

ಬೋರ್ಡಣ್ಣನ ಕೋಪ ಹೋಗಿರಲಿಲ್ಲ, ಇಷ್ಟು ದಿನ ಎದೆಯ ಮೇಲೆ ಕೂತಿದ್ದು ಇಳಿದು ಪಕ್ಕದಲ್ಲಿ ಕೂತಿತ್ತು, ಅಷ್ಟೆ. ಕಡ್ಡಿ ನಿಧಾನವಾಗಿ ಬಂದು ನೆಲದ ಮೇಲೆ ಕುಳಿತ. ಬ್ರಶ್ಶಿಗೆ ಬಣ್ಣ ಸೋಕಿರಲಿಲ್ಲ. ಆದರೂ ತೊಳೆದು, ಕೂದಲನ್ನು ಬೆರಳಲ್ಲಿ ತಿದ್ದಿ ನೇರ ಮಾಡಿ ತಂದಿದ್ದ. ಹಿಡಿಯ ಕಡೆಯನ್ನು ಮುಂದೆ ಮಾಡಿ ಅದನ್ನು ಭಾವನ ಅಂಗೈಯಲ್ಲಿಟ್ಟ. ಆಮೇಲೆ ಮಂಚದ ಕಾಲನ್ನು ಎರಡೂ ಕೈಯಿಂದ ಏಣಿಯ ಹಾಗೆ ಅದುಮಿ ಹಿಡಿದು, ಭಾವನಿಗಷ್ಟೇ ಕೇಳುವಂತೆ, ಆವತ್ತು ಕೂಗಬೇಕಾಗಿದ್ದ ಆ ಒಂದು ಮಾತನ್ನು ಹೇಳಿದ.

"ಬಿಟ್ಟೆ, ಭಾವ."