ತಗಡಿನ ಡಬ್ಬಿಯ ಕೀಲಿಕೈ

ಬ್ಯಾಂಕು ಮುಳುಗಿದ ಮೇಲೆ ಲೊರೆದಾನಾ ಬ್ರೆಡ್ಡು ತರಲು ಪಕ್ಕದೂರಿಗೆ ಹೋಗತೊಡಗಿದಳು. ಬೋರ್ಗೊಲಾನೊದಲ್ಲಿ ಬ್ರೆಡ್ಡಿನ ಅಂಗಡಿಗಳು ಎರಡಿದ್ದವು. ಎರಡರ ಯಜಮಾನರಿಗೂ, ಶಾಖೆಯ ಮೇಜಿನ ಹಿಂದೆ ಕೂತು, ಬ್ಯಾಂಕಿನ ಷೇರು ಮಾರಿದವಳು ಅವಳೇ. ಅವರು ಮುಖಕ್ಕೆ ಉಗಿದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಉಗಿಯಲಿಲ್ಲ. "ಪಾಪ, ನಿಂದೂ ಹೋಯ್ತಲ್ಲಮ್ಮ" ಎಂದು ಚೀಲಕ್ಕೆ ಒಂದು ಬನ್ನು ಹೆಚ್ಚಿಗೆ ಹಾಕುತ್ತಿದ್ದರು. ಆ ಬನ್ನು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಯಾಕೆಂದರೆ ಅವಳದು ಹೋಗಿರಲಿಲ್ಲ. ಅದು ಗಂಡ ತುಲ್ಲಿಯೊನನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೋರ್ಗೊಲಾನೊ ಜನತಾ ಬ್ಯಾಂಕು ಹುಟ್ಟಿದ್ದು ನೂರಿಪ್ಪತ್ತು ವರ್ಷಗಳ ಹಿಂದೆ, ಚರ್ಚಿನ ಪಕ್ಕದ ಒಂದು ಕೋಣೆಯಲ್ಲಿ. ಬಡ್ಡಿಯವರು ಎಳೆದೊಯ್ದ ಹಸುಗಳನ್ನು ಬಿಡಿಸಿ ತರಬೇಕೆಂದು ಒಬ್ಬ ಪಾದ್ರಿ, ಹನ್ನೊಂದು ಮಂದಿ ರೇಷ್ಮೆ ಸಾಕುವವರು ಸೇರಿ ಕಟ್ಟಿದ್ದು. ಅವರ ಮೊಮ್ಮಕ್ಕಳ ಕಾಲಕ್ಕೆ ಕಣಿವೆಯ ಪ್ರತಿ ಊರಿನಲ್ಲೂ ಶಾಖೆಯಾಯಿತು. ಟ್ರಾಕ್ಟರಿಗೆ, ಚರ್ಮದ ಕಾರ್ಖಾನೆಗೆ, ಮಗಳ ಮದುವೆಗೆ, ಎಲ್ಲದಕ್ಕೂ ಜನ ಅಲ್ಲಿಗೇ ಹೋಗುತ್ತಿದ್ದರು. ಮಗುವಿಗೆ ಜ್ಞಾನಸ್ನಾನವಾದರೆ ಬೆಳ್ಳಿ ಚಮಚದ ಬದಲು ಬ್ಯಾಂಕಿನ ಎರಡು ಷೇರು ಉಡುಗೊರೆ ಕೊಡುವುದು ಈ ಕಡೆಯ ಪದ್ಧತಿ. ಷೇರಿನ ಬೆಲೆಯನ್ನು ಯಾವ ಪೇಟೆಯೂ ಕಟ್ಟುತ್ತಿರಲಿಲ್ಲ. ಪ್ರತಿ ಏಪ್ರಿಲ್‌ನ ಸಭೆಯಲ್ಲಿ ಆಡಳಿತ ಮಂಡಳಿಯವರೇ ಎದ್ದು ನಿಂತು ಹೇಳುತ್ತಿದ್ದರು, ಪ್ರತಿ ವರ್ಷವೂ ಹಿಂದಿನದಕ್ಕಿಂತ ಹೆಚ್ಚು. ಒಪ್ಪಿಗೆ ಇದ್ದವರು ಕೈ ಎತ್ತಿ ಎನ್ನುವ ಹೊತ್ತಿಗೆ ಒಣಮೀನಿನ ಪಲ್ಯವೂ ಮೆಕ್ಕೆಜೋಳದ ಮುದ್ದೆಯಂಥ ಪೊಲೆಂತಾವೂ ಬಡಿಸಿಯಾಗಿರುತ್ತಿತ್ತು. ಎತ್ತಿದ ಕೈಗಳಲ್ಲಿ ಫೋರ್ಕುಗಳಿರುತ್ತಿದ್ದವು.

ಆಮೇಲೆ ದೊಡ್ಡವರಿಗೆ ಇನ್ನೂ ದೊಡ್ಡವರಾಗುವ ಚಪಲ ಹತ್ತಿತು. ನಕ್ಷೆಯಲ್ಲಿ ಹುಡುಕಿದರೂ ಸಿಗದ ಊರುಗಳ ಬ್ಯಾಂಕುಗಳನ್ನು ಕೊಂಡರು, ಅಮೃತಶಿಲೆಯ ಕಚೇರಿ ಎಬ್ಬಿಸಿದರು. ಅಷ್ಟಕ್ಕೂ ಹಣ ಬೇಕಲ್ಲ, ಹೊಸ ಹೊಸ ಷೇರು ಹೊರಡಿಸಿದರು. ಸಾಲ ಕೇಳಲು ಬಂದವನ ಕೈಗೂ ನಾಲ್ಕು ಷೇರು ತುರುಕಿ ಎಂದು ಶಾಖೆಗಳಿಗೆ ಸುತ್ತೋಲೆ ಬಂತು. ಕೊನೆಗೆ ಅರವತ್ತು ಯೂರೋದ ಷೇರು ಹತ್ತು ಸೆಂಟಿಗೆ ಇಳಿಯಿತು. ಹನ್ನೊಂದು ಷೇರು ಕೊಟ್ಟರೆ ಚೌಕದ ಹೋಟೆಲಿನಲ್ಲಿ ಒಂದು ಕಾಫಿ ಬರುತ್ತಿತ್ತು, ಅದೂ ಹೋಟೆಲಿನವನು ಷೇರು ತೆಗೆದುಕೊಂಡರೆ.

ಮುಳುಗುವುದಕ್ಕೆ ಎರಡು ವರ್ಷ ಮೊದಲೇ ಕೊಳ್ಳುವವರು ಬತ್ತಿದ್ದರು. ಮಾರಬೇಕೆಂದವರು ಶಾಖೆಯಲ್ಲಿ ಹೆಸರು ಬರೆಸಿ, ಕೊಳ್ಳುವವರೊಬ್ಬರು ಬರುವ ತನಕ ಕಾಯಬೇಕಿತ್ತು. ಆ ಪಟ್ಟಿ ಇರುತ್ತಿದ್ದದ್ದು ಲೊರೆದಾನಾಳ ಮೇಜಿನ ಡ್ರಾಯರಿನಲ್ಲಿ. ಹದಿನಾಲ್ಕು ಹೆಸರುಗಳ ಕೆಳಗೆ ಹದಿನೈದನೆಯದು ತುಲ್ಲಿಯೊನದು. ಮಗಳ ಮನೆ ಚಾವಣಿಯಿಲ್ಲದೆ ಅರ್ಧಕ್ಕೆ ನಿಂತಿತ್ತು. ಅಂಥ ಹೊತ್ತಿನಲ್ಲಿ ಎರ್ಮೀನಿಯಾ ಟೀಚರ್ ತಮ್ಮ ದ್ರಾಕ್ಷಿ ತೋಟ ಮಾರಿದ ಹಣ ಹಿಡಿದು ಬಂದರು.

"ಇದನ್ನ ಎಲ್ಲಿಡ್ಲಿ, ಹೇಳೇ" ಎಂದರು.

"ಷೇರಲ್ಲಿ ಹಾಕಿ ಟೀಚರ್. ನಮ್ಮ ಡಬ್ಬಿ ಇದ್ದ ಹಾಗೇ ಅಂದ್ಕೊಳ್ಳಿ" ಎಂದಳು ಲೊರೆದಾನಾ.

ಡಬ್ಬಿ ಎಂದರೆ ಏನೆಂದು ಊರಿಗೆಲ್ಲ ಗೊತ್ತಿತ್ತು. ಅಕ್ಟೋಬರ್ ಕೊನೆಯ ದಿನ ಉಳಿತಾಯದ ದಿನ. ಅಂದು ಒಂದನೇ ಕ್ಲಾಸಿನ ಪ್ರತಿ ಮಗುವಿಗೂ ಬ್ಯಾಂಕಿನವರು ಒಂದು ಹಸಿರು ತಗಡಿನ ಡಬ್ಬಿ ಕೊಡುತ್ತಿದ್ದರು. ಕೀಲಿಕೈ ಮಾತ್ರ ಕೊಡುತ್ತಿರಲಿಲ್ಲ. ಡಬ್ಬಿ ತುಂಬಿದ ಮೇಲೆ ಬ್ಯಾಂಕಿಗೆ ಹೊತ್ತುಕೊಂಡು ಹೋದರೆ ಅಲ್ಲಿ ತೆಗೆಯುತ್ತಿದ್ದರು. ಮೂವತ್ತೆಂಟು ವರ್ಷ ಆ ಡಬ್ಬಿಗಳನ್ನು ಮಕ್ಕಳ ಕೈಗಿಟ್ಟವರು ಎರ್ಮೀನಿಯಾ ಟೀಚರ್. "ಕೀಲಿಕೈ ಯಾಕೆ ಬ್ಯಾಂಕಲ್ಲಿರುತ್ತೆ? ನಮಗೆ ಆಸೆ ಆಗುತ್ತೆ, ಬ್ಯಾಂಕಿಗೆ ಆಗಲ್ಲ" ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ಲೊರೆದಾನಾ ಮುಂದಿನ ಬೆಂಚಿನಲ್ಲಿ ಕೂತು ಅದನ್ನು ಕೇಳಿದ್ದಳು.

ಈಗ ಶಾಖೆ ಮುಚ್ಚುವ ವಾರ. ಟೀಚರ್ ಹೇಳಿ ಕಳಿಸಿದರು: ನನ್ನ ಡಬ್ಬಿ ತುಂಬಿದೆ, ತಂಗಿಯ ಮೊಮ್ಮಗಳಿಗೆ ಕೊಡಬೇಕು, ಕೀಲಿಕೈ ಕಸಕ್ಕೆ ಹೋಗುವ ಮೊದಲು ಬಂದು ತೆಗೆದುಕೊಡು. ಹುಷಾರಿಲ್ಲ ಎಂದು ಎರಡು ಸಲ ನೆವ ಹೇಳಿದ ಲೊರೆದಾನಾ ಮೂರನೆಯ ಸಲ ನೆವ ಸಿಗದೆ ಹೋದಳು.

ಮನೆಯಲ್ಲಿ ಅಡುಗೆಕೋಣೆ ಮಾತ್ರ ಬೆಚ್ಚಗಿತ್ತು. ಉಳಿದ ಬಾಗಿಲುಗಳನ್ನು ಮುಚ್ಚಿ ಕೆಳಗಿನ ಸಂದಿಗೆ ಹಳೆ ಬಟ್ಟೆ ತುರುಕಿದ್ದರು. ಮಾರಿದ ಪಿಯಾನೊ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಲೊರೆದಾನಾ ಅತ್ತ ನೋಡದೆ ಗೊಂಚಲಿನಿಂದ ಪುಟ್ಟ ಕೀಲಿಕೈ ಆರಿಸಿ ಡಬ್ಬಿ ತೆಗೆದುಕೊಟ್ಟಳು.

"ಪೊಲೆಂತಾ ಇಟ್ಟಿದೀನಿ, ಉಂಡ್ಕೊಂಡು ಹೋಗು. ಎಷ್ಟು ಬಡಕಲಾಗಿದೀಯೇ" ಎಂದರು ಟೀಚರ್. "ನಿಂಗೂ ನಿದ್ದೆ ಬರಲ್ಲ ಅನ್ಸುತ್ತೆ. ತುಲ್ಲಿಯೊನದೂ ಹೋಯ್ತು. ಮಗಳ ಮನೆ ಸಾಲ ಮಾಡಿ ಮುಗಿಸಿದ್ರೇನೋ, ಪಾಪ."

"ಬೇಡ ಟೀಚರ್, ಹೊರಡ್ತೀನಿ."

"ಕೂತ್ಕೋ. ನನ್ನ ಜೊತೆ ಮಾತಾಡೋರು ಯಾರಿದಾರೆ? ನಾನೇ ಹೊರಗೆ ಹೋಗಲ್ಲ." ಟೀಚರ್ ತಮ್ಮ ಕೈಗಳನ್ನೇ ನೋಡಿಕೊಂಡರು. "ನಾಚಿಕೆ ಆಗುತ್ತೆ ಕಣೆ. ಮೂವತ್ತೆಂಟು ವರ್ಷ ನಾನೇ ಅಲ್ವಾ ಮಕ್ಕಳಿಗೆ ಹೇಳ್ಕೊಟ್ಟಿದ್ದು, ಬ್ಯಾಂಕಿಗೆ ಆಸೆ ಆಗಲ್ಲ ಅಂತ? ಆ ಮಕ್ಕಳೇ ದೊಡ್ಡವರಾಗಿ ಷೇರು ಕೊಂಡ್ರು. ಬೀದೀಲಿ ಯಾರಾದ್ರೂ ಎದುರು ಬಂದ್ರೆ ತಲೆ ಎತ್ತಕ್ಕಾಗಲ್ಲ. ಎಲ್ಲ ನನ್ನಿಂದಾನೇ ಅನ್ಸುತ್ತೆ."

ಬೈಗುಳಕ್ಕೆ, ಕಣ್ಣೀರಿಗೆ, ಪೊಲೀಸಿನವರಿಗೆ ಕೂಡ ಲೊರೆದಾನಾ ಉತ್ತರ ಹೊಂದಿಸಿಟ್ಟುಕೊಂಡಿದ್ದಳು. ಸುತ್ತೋಲೆಯ ನಂಬರು ಬಾಯಿಪಾಠವಿತ್ತು. ಆದರೆ ತಾನು ಹೊರಬೇಕಾದ ನಾಚಿಕೆಯನ್ನು ಎಂಬತ್ತೆರಡು ವರ್ಷದ ಹೆಂಗಸು ಹೊತ್ತುಕೊಂಡು ಈ ಕೋಣೆಯಲ್ಲಿ ಕೂತಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಸುಮ್ಮನೆ ಉಂಡು ಹೋಗಿಬಿಡಬಹುದಿತ್ತು. ಶಾಖೆ ಮುಚ್ಚುತ್ತಿತ್ತು, ಪಟ್ಟಿಯನ್ನು ಅವಳೇ ಹರಿದು ಹಾಕಿದ್ದಳು.

"ಟೀಚರ್, ನಮ್ಮದು ಹೋಗಿಲ್ಲ."

"ಏನು ಹೋಗಿಲ್ಲ?"

"ದುಡ್ಡು. ನೀವು ಕೊಂಡಿದ್ದು ತುಲ್ಲಿಯೊನ ಷೇರು. ಮಾರೋಕೆ ಹದಿನಾಲ್ಕು ಜನ ಮುಂದಿದ್ರು. ಅವರನ್ನ ಹಿಂದೆ ಹಾಕಿ ನಮ್ಮದನ್ನ ನಿಮಗೆ ಕೊಟ್ಟೆ. ಮಗಳ ಮನೆ ಚಾವಣಿ ಆಗಿದ್ದು ನಿಮ್ಮ ತೋಟದ ದುಡ್ಡಲ್ಲಿ."

ಒಲೆಯ ಮೇಲೆ ಪೊಲೆಂತಾ ಕೊತಕೊತ ಎನ್ನುತ್ತಿತ್ತು. ಟೀಚರ್ ಎದ್ದು ಉರಿ ಆರಿಸಿ ಬಂದು ಕೂತರು.

"ಮುಳುಗುತ್ತೆ ಅಂತ ಗೊತ್ತಿತ್ತಾ?"

"ಮುಳುಗುತ್ತೆ ಅಂತ ಗೊತ್ತಿರ್ಲಿಲ್ಲ. ಕೊಳ್ಳೋರು ಯಾರೂ ಇಲ್ಲ ಅಂತ ಗೊತ್ತಿತ್ತು."

"ಡಬ್ಬಿ ಇದ್ದ ಹಾಗೇ ಅಂದೆ."

"ಹೌದು ಟೀಚರ್. ಅಂದೆ."

ತಿಂಗಳು ತಿಂಗಳು ಇಷ್ಟಿಷ್ಟು ಎಂದು ತಂದುಕೊಡುತ್ತೇನೆ, ಎಷ್ಟು ವರ್ಷವಾದರೂ ಸರಿ, ಎಂದಳು ಲೊರೆದಾನಾ. ಟೀಚರ್ ಅವಳ ಮುಂದಿಟ್ಟಿದ್ದ ತಟ್ಟೆಯನ್ನು ತೆಗೆದು ತೊಳೆದಿಟ್ಟ ತಟ್ಟೆಗಳ ಮೇಲೆ ಇಟ್ಟರು. ಭೂಮಿ ಬಾಯ್ಬಿಟ್ಟಿದ್ದರೆ ಲೊರೆದಾನಾ ಅಲ್ಲೇ ಇಳಿದುಹೋಗುತ್ತಿದ್ದಳು.

"ಆ ಕೀಲಿಕೈ ಇಲ್ಲಿಟ್ಟು ಹೋಗಿ" ಎಂದರು ಟೀಚರ್.

ಐವತ್ತು ವರ್ಷ ಅವಳನ್ನು ಏಕವಚನದಲ್ಲೇ ಕರೆದಿದ್ದರು. ಗೊಂಚಲಿನಿಂದ ಕೀಲಿಕೈ ಬಿಡಿಸಲು ಲೊರೆದಾನಾಳಿಗೆ ಬಹಳ ಹೊತ್ತು ಹಿಡಿಯಿತು. ಟೀಚರ್ ನೆರವಿಗೆ ಬರಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅದು ಮೇಜಿನ ಮೇಲೆ ಬಂದಾಗ ಎತ್ತಿಕೊಂಡು, ಡಬ್ಬಿಗೆ ತಾವೇ ಬೀಗ ಹಾಕಿ, ಎಳೆದು ನೋಡಿ, ಕೀಲಿಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಗೋಡೆಯ ಮೊಳೆಯಿಂದ ಕೋಟು ತೆಗೆದು ತೊಟ್ಟರು.

"ಬ್ರೆಡ್ಡು ತರ್ಬೇಕು" ಎಂದು ಬಾಗಿಲು ತೆರೆದು, ಅವಳು ಹೊರಗೆ ಬರುವ ತನಕ ಕಾದು, ತಲೆ ಎತ್ತಿಕೊಂಡು ಚೌಕದ ಕಡೆಗೆ ನಡೆದರು.